ಏಳು ಹಾಡು, ಒಂಬತ್ತು ಸಾವಿರ ಕಾಗದ

1952ರ ಡಿಸೆಂಬರ್ 3, ಬುಧವಾರ. ಅಂದು ರಾತ್ರಿ ಕೊಲಂಬೊದಿಂದ ಹೊರಟ ಶಾರ್ಟ್‌ವೇವ್ ಪ್ರಸಾರದಲ್ಲಿ ಒಂದು ಹೊಸ ಹಿಂದಿ ಕಾರ್ಯಕ್ರಮ ಶುರುವಾಯಿತು. ಅರ್ಧ ಗಂಟೆಯ ಅವಧಿ, ಏಳು ಸಿನಿಮಾ ಹಾಡು. ಯಾವುದು ಮೊದಲು, ಯಾವುದು ಕೊನೆ ಎಂಬ ಲೆಕ್ಕವಿಲ್ಲದೆ ಹಾಡುಗಳನ್ನು ಹಾಕಿದರು. ಆ ಲೆಕ್ಕವನ್ನು ಹಾಕಬೇಕಾದವರು ರೇಡಿಯೋ ಮುಂದೆ ಕುಳಿತವರು. ಏಳನ್ನೂ ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಕಾಗದ ಬರೆಯಿರಿ, ಕ್ರಮ ಸರಿಹೊಂದಿದವರಿಗೆ ನೂರು ರೂಪಾಯಿ ಬಹುಮಾನ ಎಂದು ನಿರೂಪಕರು ಹೇಳಿದರು. ಆ ನಿರೂಪಕರಿಗೆ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿಯಿತ್ತು. ಹೆಸರು ಅಮೀನ್ ಸಯಾನಿ. ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ.

ಈ ಹೆಸರು ಕೇಳಿದೊಡನೆ ನಮ್ಮಲ್ಲಿ ಹಿರಿಯರಿಗೆ ನೆನಪಾಗುವುದು ಹದಿನಾರನೇ ಸ್ಥಾನದಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ ಕಹಳೆ ಊದಿಸಿ ವಾರದ ಮೊದಲ ಹಾಡನ್ನು ಕೇಳಿಸುತ್ತಿದ್ದ ಆ ಒಂದು ಗಂಟೆ. ಹುಟ್ಟಿದ ದಿನ ಕಾರ್ಯಕ್ರಮ ಹಾಗಿರಲಿಲ್ಲ. ಮೆಟ್ಟಿಲೂ ಇರಲಿಲ್ಲ, ಹದಿನಾರು ಹಾಡೂ ಇರಲಿಲ್ಲ. ಆ ರೂಪ ಸಿಗಲು ಎರಡು ವರ್ಷ ಹಿಡಿಯಿತು. ಅದನ್ನು ಹುಡುಕಿಕೊಟ್ಟದ್ದು ಅಂಚೆಯವರು ತಂದು ಸುರಿದ ಕಾಗದಗಳ ರಾಶಿ ಎಂದೇ ನಾನು ನಂಬಿದ್ದೇನೆ. ಆ ರಾಶಿಯ ನಡುವೆ ಕುಳಿತು ಒಂದೊಂದನ್ನೂ ಬಿಚ್ಚಿ ನೋಡಬೇಕಾಗಿ ಬಂದ ಹುಡುಗನೇ ಮೈಕಿನ ಮುಂದೆಯೂ ಕೂರುತ್ತಿದ್ದನೆಂಬುದು ಈ ಕತೆಯ ತಿರುಳು.

ಮೊದಲು ಕೊಲಂಬೊ ಏಕೆ ಎಂಬುದನ್ನು ಹೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಸೇನಾ ಕಮಾಂಡ್ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ನೆಲೆಯೂರಿತ್ತು. ಸೈನಿಕರಿಗೆಂದು ರೇಡಿಯೋ ಸೀಯಾಕ್ ಎಂಬ ಕೇಂದ್ರವನ್ನು ಅಲ್ಲಿ ತೆರೆದು, 100 ಕಿಲೋವ್ಯಾಟ್‌ನ ಭಾರಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಕೂರಿಸಿದ್ದರು. ಯುದ್ಧ ಮುಗಿಯಿತು, ಸಿಲೋನ್ ಸ್ವತಂತ್ರವಾಯಿತು, ಟ್ರಾನ್ಸ್‌ಮಿಟರ್ ಅಲ್ಲೇ ಉಳಿದು ರೇಡಿಯೋ ಸಿಲೋನಿನ ಪಾಲಾಯಿತು. ಅಷ್ಟು ಶಕ್ತಿಯ ಯಂತ್ರ ಆ ದ್ವೀಪದ ಅಗತ್ಯಕ್ಕಿಂತ ಎಷ್ಟೋ ದೊಡ್ಡದು. ಶಾರ್ಟ್‌ವೇವ್ ತರಂಗಗಳು ಮೇಲೆ ಅಯಾನುಗೋಳಕ್ಕೆ ಬಡಿದು, ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಮತ್ತೆ ನೆಲಕ್ಕೆ ಇಳಿಯುತ್ತವೆ. ಕೊಲಂಬೊದಲ್ಲಿ ಆಡಿದ ಮಾತು ಭಾರತದ ಉದ್ದಗಲಕ್ಕೂ ಕೇಳುತ್ತಿತ್ತು. 1950ರ ಸೆಪ್ಟೆಂಬರ್ 30ರಂದು ರೇಡಿಯೋ ಸಿಲೋನಿನ ವಾಣಿಜ್ಯ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಕೊಲಂಬೊ ಯೋಜನೆಯಡಿ ಬಂದ ಆಸ್ಟ್ರೇಲಿಯಾದ ಕ್ಲಿಫರ್ಡ್ ಡಾಡ್. ಆ ಕಾಲದ ಭಾರತದ ರೇಡಿಯೋದಲ್ಲಿ ಜಾಹೀರಾತಿಗೆ ಜಾಗವಿರಲಿಲ್ಲ. ಸಾಬೂನು, ಹಲ್ಲಿನ ಪೇಸ್ಟು, ಚಹಾ ಮಾರುವ ಕಂಪನಿಗಳಿಗೆ ಸಮುದ್ರದಾಚೆಯ ಈ ಕೇಂದ್ರ ಬಾಗಿಲು ತೆರೆಯಿತು.

1952ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗಿದ್ದ ಪ್ರೀತಿ ನಿಜವಾದದ್ದು. ಅರಮನೆಗಳ ಆಶ್ರಯ ಕಳೆದುಕೊಂಡ ಎಷ್ಟೋ ಗಾಯಕರಿಗೆ, ವಾದಕರಿಗೆ ಆಕಾಶವಾಣಿ ಅನ್ನ ಕೊಟ್ಟದ್ದು ಅವರ ಕಾಲದಲ್ಲೇ, ಅದನ್ನು ಮರೆಯಬಾರದು. ಆದರೆ ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂಬ ಅವರ ನಿಲುವಿನಿಂದ ಚಿತ್ರಗೀತೆಗಳ ಪಾಲು ಕುಗ್ಗಿತು. ಹಾಡಿನ ಜೊತೆ ಚಿತ್ರದ ಹೆಸರು ಹೇಳುವುದು ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಿದರು. ಸಿಟ್ಟಿಗೆದ್ದ ನಿರ್ಮಾಪಕರು ಹಾಡುಗಳ ಪ್ರಸಾರದ ಹಕ್ಕನ್ನೇ ಹಿಂತೆಗೆದುಕೊಂಡರು. ಮನೆಮನೆಯಲ್ಲಿ ಕೇಳುತ್ತಿದ್ದ ಹಾಡುಗಳು ಕೆಲವೇ ತಿಂಗಳಲ್ಲಿ ಸರ್ಕಾರಿ ರೇಡಿಯೋದಿಂದ ಮಾಯವಾದವು. ಜನ ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು.

ರೇಡಿಯೋ ಸಿಲೋನಿನ ಹಿಂದಿ ಕಾರ್ಯಕ್ರಮಗಳೆಲ್ಲ ಸಿಲೋನಿನಲ್ಲೇ ತಯಾರಾಗುತ್ತಿರಲಿಲ್ಲ. ಡೇನಿಯಲ್ ಮೊಲಿನಾ ಎಂಬ ಅಮೆರಿಕನ್ನರು ಬೊಂಬಾಯಿಯಲ್ಲಿ ಜಾಹೀರಾತು ಕಾರ್ಯಕ್ರಮಗಳನ್ನು ತಯಾರಿಸುವ ಸಂಸ್ಥೆ ನಡೆಸುತ್ತಿದ್ದರು. ಪ್ರಾಯೋಜಿತ ಕಾರ್ಯಕ್ರಮಗಳು ಬೊಂಬಾಯಿಯಲ್ಲಿ ಟೇಪಿಗಿಳಿದು, ವಿಮಾನ ಹತ್ತಿ ಕೊಲಂಬೊಗೆ ಹೋಗಿ, ಅಲ್ಲಿಂದ ಆಕಾಶಕ್ಕೆ ಏರಿ, ಮತ್ತೆ ಬೊಂಬಾಯಿಯ ಮನೆಗಳಿಗೇ ಬಂದಿಳಿಯುತ್ತಿದ್ದವು. ಕೇಳುಗರ ಕಾಗದಗಳು ಬರುತ್ತಿದ್ದುದು ಬೊಂಬಾಯಿಗೆ. ಕಾಗದ ಬಿಚ್ಚುವವರೂ ಹಾಡು ಆರಿಸುವವರೂ ಮಾತಾಡುವವರೂ ಒಂದೇ ಕಚೇರಿಯಲ್ಲಿರಲು ಇದರಿಂದ ಸಾಧ್ಯವಾಯಿತು. ಮುಂದಿನದ್ದಕ್ಕೆಲ್ಲ ಇದು ತಳಹದಿ.

ಈಗ ಹುಡುಗನ ಕಡೆಗೆ ಬರೋಣ. ಅಮೀನ್ ಸಯಾನಿ ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ಬೊಂಬಾಯಿಯಲ್ಲಿ. ತಂದೆ ವೈದ್ಯರು. ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯ ಹಾದಿ ಹಿಡಿದು ವಯಸ್ಕರ ಶಿಕ್ಷಣಕ್ಕೆ ಬದುಕು ಮುಡಿಪಿಟ್ಟವರು. ಆಗಷ್ಟೇ ಅಕ್ಷರ ಕಲಿತವರು ಓದಲೆಂದು ಅವರು 'ರಹಬರ್' ಎಂಬ ಪಾಕ್ಷಿಕ ನಡೆಸುತ್ತಿದ್ದರು. ಅದು ದೇವನಾಗರಿ, ಉರ್ದು, ಗುಜರಾತಿ ಈ ಮೂರು ಲಿಪಿಗಳಲ್ಲಿ ಬರುತ್ತಿತ್ತು. ಭಾಷೆ ಮಾತ್ರ ಒಂದೇ, ಬೀದಿಯಲ್ಲಿ ಎಲ್ಲರಿಗೂ ತಿಳಿಯುವ ಸರಳ ಹಿಂದುಸ್ತಾನಿ. ಆ ಪತ್ರಿಕೆಯ ಕೆಲಸದಲ್ಲಿ ಅಮೀನ್ ಚಿಕ್ಕಂದಿನಿಂದಲೇ ತಾಯಿಗೆ ಕೈಜೋಡಿಸಿದರು. ಕಷ್ಟದ ಸಂಸ್ಕೃತ ಪದವನ್ನೂ ಕಷ್ಟದ ಪರ್ಷಿಯನ್ ಪದವನ್ನೂ ತೆಗೆದು, ಗಾಡಿ ಹೊಡೆಯುವವನಿಗೂ ತಿಳಿಯುವ ಮಾತನ್ನು ಆ ಜಾಗದಲ್ಲಿ ಇಡುವುದನ್ನು ಅವರು ಕಲಿತದ್ದು ಅಲ್ಲೇ. ಮುಂದೆ ಅಷ್ಟೊಂದು ಜನರಿಗೆ ಹತ್ತಿರವಾದ ಅವರ ಭಾಷೆಯ ಬೇರು ಇರುವುದು ತಾಯಿಯ ಆ ಪುಟ್ಟ ಪತ್ರಿಕೆಯಲ್ಲಿ.

ರೇಡಿಯೋದ ಕಡೆಗೆ ಕೈಹಿಡಿದು ಕರೆದೊಯ್ದವರು ಅಣ್ಣ ಹಮೀದ್ ಸಯಾನಿ. ಹಮೀದ್ ಇಂಗ್ಲಿಷ್ ಪ್ರಸಾರದಲ್ಲಿ ದೊಡ್ಡ ಹೆಸರು. ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟನ್ನು ಮೊದಲು ನಡೆಸಿದವರು ಅವರೇ. ಆಕಾಶವಾಣಿಯ ಬೊಂಬಾಯಿ ಕೇಂದ್ರದಲ್ಲಿ ಅಮೀನ್ ಹತ್ತು ವರ್ಷದಷ್ಟು ಕಾಲ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡರು. ಇಂಗ್ಲಿಷ್! ಹಿಂದಿಯ ಅತ್ಯಂತ ಪ್ರಸಿದ್ಧ ಕಂಠ ಮೊದಲು ಪಳಗಿದ್ದು ಬೇರೆ ಭಾಷೆಯಲ್ಲಿ. ಹಾಡುಗಾರನಾಗಬೇಕೆಂಬ ಆಸೆಯೂ ಅವರಿಗಿತ್ತು; ಪ್ರಾಯಕ್ಕೆ ಬರುವಾಗ ಕಂಠ ಒಡೆದು ಅದು ಕೈಗೂಡಲಿಲ್ಲ. ಬೊಂಬಾಯಿಯ ನ್ಯೂ ಎರಾ ಶಾಲೆ, ಗ್ವಾಲಿಯರಿನ ಸಿಂಧಿಯಾ ಶಾಲೆ, ಆಮೇಲೆ ಬೊಂಬಾಯಿಯ ಸೇಂಟ್ ಕ್ಸೇವಿಯರ್ ಕಾಲೇಜು, ಹೀಗೆ ಓದು ಸಾಗಿತು. ಕಾಲೇಜಿನ ದಿನಗಳಲ್ಲಿ ಹಿಂದಿಯಲ್ಲಿ ಮಾತಾಡುವ ಮನಸ್ಸಾಗಿ ಆಕಾಶವಾಣಿಯ ಹಿಂದಿ ಉದ್ಘೋಷಕರ ಪರೀಕ್ಷೆಗೆ ಹೋದರು. ಅಲ್ಲಿ ಅವರನ್ನು ತೆಗೆದುಕೊಳ್ಳಲಿಲ್ಲ. ಓದುವುದು ಚೆನ್ನಾಗಿದೆ, ಉಚ್ಚಾರಣೆಯಲ್ಲಿ ಮಾತ್ರ ಗುಜರಾತಿಯ, ಇಂಗ್ಲಿಷಿನ ಛಾಯೆಯಿದೆ ಎಂದು ಕಾರಣ ಹೇಳಿದರು.

ಆ ತೀರ್ಪು ತಪ್ಪೇನಲ್ಲ. ನ್ಯೂ ಎರಾ ಗುಜರಾತಿ ಮಾಧ್ಯಮದ ಶಾಲೆ, ರೇಡಿಯೋ ಅನುಭವವೆಲ್ಲ ಇಂಗ್ಲಿಷಿನದು. ಛಾಯೆ ಇದ್ದೇ ಇರಬೇಕು. ಆದರೆ ಅಂದಿನ ಸರ್ಕಾರಿ ಹಿಂದಿ ಸಂಸ್ಕೃತದ ಭಾರ ಹೊತ್ತಿತ್ತು. ಹಿಂದಿ ತಾಯ್ನುಡಿಯಲ್ಲದ ಕೋಟ್ಯಂತರ ಜನರಿಗೆ ಆ ಭಾಷೆ ದೂರದ್ದು. ಸರಳ ಮಾತು ಮನೆಯಲ್ಲೇ ಕಲಿತವರು ಆ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ಅವರಿಗೆ ತೆರೆಯಲಿಲ್ಲ. ಹಾಗಾಗಿ ಅವರೂ ಸಿಲೋನಿನ ಕಡೆ ತಿರುಗಿದರು.

ರೇಡಿಯೋ ಸಿಲೋನಿನ ಹಿಂದಿ ಕಾರ್ಯಕ್ರಮಗಳ ರೆಕಾರ್ಡಿಂಗ್ ಆಗ ನಡೆಯುತ್ತಿದ್ದುದು ಸೇಂಟ್ ಕ್ಸೇವಿಯರ್‌ನ ತಾಂತ್ರಿಕ ಸಂಸ್ಥೆಯ ಸ್ಟುಡಿಯೋದಲ್ಲಿ. 'ಓವಲ್ಟೀನ್ ಫುಲ್‌ವಾರಿ' ಎಂಬ ಒಂದು ಕಾರ್ಯಕ್ರಮವಿತ್ತು. ಹವ್ಯಾಸಿ ಹಾಡುಗಾರರು ಬಂದು, ಎದುರಿಗೆ ಕೂತ ಜನರ ಮುಂದೆ ಹಾಡುತ್ತಿದ್ದರು. ಅದರ ನಿರ್ಮಾಪಕರು ಬಾಲಗೋವಿಂದ ಶ್ರೀವಾಸ್ತವ. ಅಲ್ಲಿ ನಡೆದದ್ದನ್ನು ಅಮೀನ್ ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಸಂತೋಷದಿಂದ ಹೇಳಿಕೊಂಡಿದ್ದಾರೆ. ಒಂದು ದಿನ ಓವಲ್ಟೀನಿನ ಜಾಹೀರಾತು ಓದಬೇಕಾದವರು ಬರಲಿಲ್ಲ. ಎದುರಿಗೆ ಕೂತವರಲ್ಲಿ ಯಾರಾದರೂ ಓದುವಿರಾ ಎಂದು ಕೇಳಿದಾಗ ಅಮೀನ್ ಎದ್ದು ಹೋದರು. ದನಿ ಎತ್ತರಿಸಿ, ಗಟ್ಟಿಯಾಗಿ ಓದಿದರು. ಕಿರುಚಬೇಡ, ಮೆಲ್ಲಗೆ ಮಾತಾಡು ಎಂಬ ಅರ್ಥದ ಬುದ್ಧಿವಾದ ಶ್ರೀವಾಸ್ತವರಿಂದ ಬಂತು. ಆ ಕೆಲಸಕ್ಕೆ ಸಿಕ್ಕ ಸಂಬಳ ವಾರಕ್ಕೊಂದು ಓವಲ್ಟೀನ್ ಡಬ್ಬ.

ಈ ಘಟನೆಯನ್ನು ಓದಿದಾಗಲೆಲ್ಲ ನನ್ನ ಗಮನ ಹೋಗುವುದು ಅವರು ಕೂತಿದ್ದ ಜಾಗದ ಕಡೆಗೆ. ಅವರು ಮೈಕಿನ ಹತ್ತಿರ ಬಂದದ್ದು ಕೇಳುಗರ ಕುರ್ಚಿಯಿಂದ ಎದ್ದು. ಸಭಿಕರಿಂದ ಒಬ್ಬರನ್ನು ಕರೆದು ಕೆಲಸ ಕೊಡುವ ಅಭ್ಯಾಸ ಸರ್ಕಾರಿ ಕೇಂದ್ರದಲ್ಲಿರಲಿಲ್ಲ. ಅಲ್ಲಿ ಪರೀಕ್ಷೆಯುಂಟು, ಕಡತವುಂಟು. ವಾಣಿಜ್ಯ ಪ್ರಸಾರದಲ್ಲಿ ಹೊತ್ತಿಗೆ ಒದಗಿದವರೇ ಕೆಲಸಗಾರರು. ಸುನಿಲ್ ದತ್ ಕೂಡ ಚಿತ್ರನಟರಾಗುವ ಮುನ್ನ ಬೊಂಬಾಯಿಯಲ್ಲಿ ರೇಡಿಯೋ ಸಿಲೋನಿನ ಕಾರ್ಯಕ್ರಮಗಳನ್ನು ನಡೆಸಿದವರೇ.

ಅಷ್ಟರಲ್ಲಿ ಸಿಲೋನಿನಿಂದ 'ಬಿನಾಕಾ ಹಿಟ್ ಪರೇಡ್' ಎಂಬ ಇಂಗ್ಲಿಷ್ ಹಾಡುಗಳ ಕಾರ್ಯಕ್ರಮ ಜನಪ್ರಿಯವಾಗಿತ್ತು. ಪ್ರಾಯೋಜಕರು ಬಿನಾಕಾ ಹಲ್ಲಿನ ಪೇಸ್ಟ್ ತಯಾರಿಸುತ್ತಿದ್ದ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ. ವಾರದ ಜನಪ್ರಿಯ ಹಾಡುಗಳನ್ನು ಪಟ್ಟಿ ಮಾಡಿ ಕೇಳಿಸುವ ಈ ಪದ್ಧತಿ ಅಮೆರಿಕದ ರೇಡಿಯೋದಲ್ಲಿ 1935ರಿಂದ ನಡೆದುಬಂದದ್ದು. ಇಂಗ್ಲಿಷಿನಲ್ಲಿರುವಂಥದ್ದು ಹಿಂದಿಯಲ್ಲೂ ಬೇಕೆಂದು ಕೇಳುಗರಿಂದ ಒತ್ತಾಯ ಬಂತು. ಕಂಪನಿ ಒಪ್ಪಿತು. ಖರ್ಚಿಗೆ ಮಾತ್ರ ಕೈ ಬಿಗಿ.

ಬೇಕಾಗಿದ್ದವರು ಒಬ್ಬರೇ: ಹಾಡು ಆರಿಸಬೇಕು, ಮಾತು ಬರೆಯಬೇಕು, ಅದನ್ನು ಆಡಬೇಕು, ಬಂದ ಕಾಗದಗಳನ್ನೆಲ್ಲ ತೆರೆದು ಉತ್ತರ ತಾಳೆ ನೋಡಬೇಕು. ಇಷ್ಟಕ್ಕೆ ವಾರಕ್ಕೆ 25 ರೂಪಾಯಿ. ಹೆಸರು ಮಾಡಿದ ಯಾರೂ ಇದಕ್ಕೆ ಒಪ್ಪಲಿಲ್ಲ. ಹಮೀದ್ ತಮ್ಮನನ್ನು ಕೇಳಿದರು, ಅಮೀನ್ ಹೂಂ ಎಂದರು. ಇನ್ನೂ ವಿದ್ಯಾರ್ಥಿಯಾಗಿದ್ದವರಿಗೆ 25 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಬರೆಯುವವರು, ಆಡುವವರು, ಎಣಿಸುವವರು ಎಂದು ಮೂರು ಜನಕ್ಕೆ ಕೆಲಸ ಹಂಚುವಷ್ಟು ದುಡ್ಡು ಕಂಪನಿ ಕೊಟ್ಟಿದ್ದರೆ ಗೀತ್‌ಮಾಲಾ ನಾವು ಬಲ್ಲ ಗೀತ್‌ಮಾಲಾ ಆಗುತ್ತಿರಲಿಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಮೊದಲ ವಾರಕ್ಕೆ ನಲವತ್ತೋ ಐವತ್ತೋ ಕಾಗದ ಬಂದರೆ ಹೆಚ್ಚು ಎಂದುಕೊಂಡಿದ್ದರು. ಬಂದದ್ದು 9,000. ಕಚೇರಿಯಲ್ಲಿ ಎಲ್ಲರೂ ಕುಣಿದಾಡಿದರಂತೆ. ಕುಣಿದು ಮುಗಿದ ಮೇಲೆ ಅದನ್ನೆಲ್ಲ ತೆರೆದು ನೋಡಬೇಕಾದವರು ಒಬ್ಬರೇ. ಸಂಖ್ಯೆ ವಾರದಿಂದ ವಾರಕ್ಕೆ ಏರಿತು. ಒಂದು ವರ್ಷ ತುಂಬುವಷ್ಟರಲ್ಲಿ ವಾರಕ್ಕೆ 65,000 ಕಾಗದ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಒಂದು ಕಾಗದ ತೆಗೆದು, ಏಳು ಹಾಡಿನ ಕ್ರಮ ತಾಳೆ ನೋಡಿ, ಪಕ್ಕಕ್ಕಿಡಲು ಹತ್ತು ಸೆಕೆಂಡ್ ಸಾಕು ಎಂದುಕೊಳ್ಳೋಣ. 9,000 ಕಾಗದಕ್ಕೆ 25 ಗಂಟೆ ಬೇಕು. ಕಷ್ಟಪಟ್ಟರೆ ಒಬ್ಬರು ಮಾಡಬಹುದು. 65,000 ಕಾಗದಕ್ಕೆ 180 ಗಂಟೆ ಬೇಕು. ವಾರದಲ್ಲಿ ಇರುವುದೇ 168 ಗಂಟೆ. ಊಟ ನಿದ್ದೆ ಬಿಟ್ಟರೂ ಆ ವಾರದ ಕಾಗದ ಆ ವಾರದಲ್ಲಿ ಮುಗಿಯುವುದಿಲ್ಲ, ಮುಂದಿನ ವಾರದ ಮೂಟೆ ಬಾಗಿಲಲ್ಲಿರುತ್ತದೆ. ನೆರವಿಗೆ ಜನರನ್ನು ಸೇರಿಸಿಕೊಂಡರೂ ಕಾಗದ ಹೆಚ್ಚುವ ವೇಗದಲ್ಲಿ ಜನ ಹೆಚ್ಚುವುದಿಲ್ಲ.

ಇನ್ನೊಂದು ತೊಡಕು ಆಟದ ಒಳಗೇ ಇತ್ತು. ಏಳು ಹಾಡುಗಳನ್ನು ಒಟ್ಟು 5,040 ಬಗೆಯಲ್ಲಿ ಜೋಡಿಸಬಹುದು. ಐವತ್ತು ಜನ ಆಡುವಾಗ ಸರಿಯುತ್ತರ ಬರುವುದು ಅಪರೂಪ, ಬಹುಮಾನಕ್ಕೆ ಬೆಲೆಯಿರುತ್ತದೆ. 65,000 ಜನ ಕಣ್ಣು ಮುಚ್ಚಿ ಬರೆದರೂ ಪ್ರತಿಯೊಂದು ಜೋಡಣೆಗೆ ಸರಾಸರಿ ಹನ್ನೆರಡು ಹದಿಮೂರು ಕಾಗದ ಬೀಳುತ್ತವೆ. ಜನ ಕಣ್ಣು ಮುಚ್ಚಿ ಬರೆಯುವುದೂ ಇಲ್ಲ. ಊರಲ್ಲೆಲ್ಲ ಯಾವ ಹಾಡು ಗುನುಗುತ್ತಿದ್ದಾರೆಂದು ನೋಡಿ ಬರೆಯುತ್ತಾರೆ. ಐವತ್ತು ಜನರಿಗೆಂದು ಹೊಲಿಸಿದ ಅಂಗಿಯನ್ನು ಅರವತ್ತೈದು ಸಾವಿರ ಜನ ತೊಡಲು ಬಂದಂತಾಗಿತ್ತು ಆ ಆಟದ ಪಾಡು.

ಆದರೆ ಆ ಕಾಗದಗಳಲ್ಲಿ ಬಹುಮಾನದ ಆಸೆಯ ಜೊತೆಗೆ ಇನ್ನೊಂದು ವಿಷಯವಿತ್ತು. ಅಷ್ಟು ಜನ ವಾರವಾರವೂ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದರು. ಯಾವ ಹಾಡು ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬುದು ದೇಶದ ಮೂಲೆಮೂಲೆಯಿಂದ ತಾನೇ ಬಂದು ಬೀಳುತ್ತಿತ್ತು. ನೂರು ರೂಪಾಯಿ ಯಾರಿಗೆ ಹೋಯಿತೆಂಬುದು ಗೆದ್ದವರ ಮನೆಯ ಸುದ್ದಿ. ಈ ವಾರ ಯಾವ ಹಾಡು ಗೆದ್ದಿತೆಂಬುದು ಎಲ್ಲರ ಸುದ್ದಿ. ಇದು ಮೊದಲು ಕಾಣುವುದು ಕಾಗದ ತೆರೆಯುವವನಿಗೆ. ತೆರೆಯುವವನೇ ಮಾತಾಡುವವನೂ ಆಗಿದ್ದರಿಂದ ಅದು ಕಡತದಲ್ಲಿ ಕಳೆದುಹೋಗಲಿಲ್ಲ.

1954ರ ಡಿಸೆಂಬರಿನಲ್ಲಿ ಕಾರ್ಯಕ್ರಮದ ರೂಪ ಬದಲಾಯಿತು. ಬಹುಮಾನದ ಒಗಟು ಹೋಯಿತು. ಅರ್ಧ ಗಂಟೆ ಒಂದು ಗಂಟೆಯಾಯಿತು. ಏಳು ಹಾಡು ಹದಿನಾರಾದವು. ಕ್ರಮವನ್ನು ಕೇಳುಗರು ಊಹಿಸುವುದರ ಬದಲು ನಿರೂಪಕರೇ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹಾಡನ್ನು ಬಿಡಿಸಿ ಹೇಳತೊಡಗಿದರು. ಪಟ್ಟಿ ಮಾಡುವ ಪದ್ಧತಿ ಹೊರಗಿನಿಂದ ಬಂದದ್ದು ನಿಜ. ಅದನ್ನು ವಾರವಾರದ ಕತೆಯಾಗಿ ಮಾರ್ಪಡಿಸಿದ್ದು ಅಮೀನ್. ಒಂದು ಹಾಡು ಕಳೆದ ವಾರ ಎಲ್ಲಿತ್ತು, ಈ ವಾರ ಎಷ್ಟು 'ಪಾಯ್ದಾನ್', ಅಂದರೆ ಮೆಟ್ಟಿಲು, ಏರಿತು, ಪಕ್ಕದ ಹಾಡಿನ ಜೊತೆ ಅದರ ಪೈಪೋಟಿ ಏನು ಎಂದು ಹೇಳುತ್ತ ಹಾಡುಗಳಿಗೆ ಜೀವ ಕೊಟ್ಟರು. ನಿಗದಿತ ವಾರಗಳಷ್ಟು ಕಾಲ ಪಟ್ಟಿಯಲ್ಲಿ ನಿಂತ ಹಾಡಿಗೆ 'ಸರ್‌ತಾಜ್' ಎಂಬ ಗೌರವ ಕೊಟ್ಟು, ಪಟ್ಟಿಯಿಂದ ಮರ್ಯಾದೆಯಾಗಿ ಬೀಳ್ಕೊಡುತ್ತಿದ್ದರು. ಹೊಸ ಹಾಡಿಗೆ ಜಾಗವಾಗಬೇಕಲ್ಲ.

ಕ್ರಮವನ್ನು ನಿರ್ಧರಿಸುವುದು ಹೇಗೆ ಎಂಬುದು ಅಷ್ಟು ಸುಲಭದ ಪ್ರಶ್ನೆಯಾಗಿರಲಿಲ್ಲ. ಮೊದಲು ಹಿಡಿದ ದಾರಿ ಗ್ರಾಮೊಫೋನ್ ತಟ್ಟೆಗಳ ಮಾರಾಟ. ಊರೂರಿನ ದೊಡ್ಡ ಅಂಗಡಿಗಳಿಂದ ಯಾವ ತಟ್ಟೆ ಎಷ್ಟು ಹೋಯಿತೆಂದು ವರದಿ ತರಿಸಿಕೊಂಡರು. ಅದರಲ್ಲೊಂದು ದೋಷ ಬೇಗನೆ ಕಾಣಿಸಿತು. ಹಾಡು ತೀರಾ ಜನಪ್ರಿಯವಾದರೆ ಅಂಗಡಿಯಲ್ಲಿ ತಟ್ಟೆಗಳು ಖಾಲಿಯಾಗುತ್ತವೆ. ಹೊಸ ಸರಕು ಬರುವವರೆಗೆ ಮಾರಾಟ ಸೊನ್ನೆ. ಅತಿ ಹೆಚ್ಚು ಬೇಕಾದ ಹಾಡೇ ವರದಿಯಲ್ಲಿ ಕೆಳಗಿಳಿದುಬಿಡುತ್ತದೆ! ಅದಕ್ಕೇ ಕೇಳುಗರ ಕೋರಿಕೆಯ ಕಾಗದಗಳನ್ನೂ ಲೆಕ್ಕಕ್ಕೆ ಸೇರಿಸಿದರು. ಪಟ್ಟಿಯಲ್ಲಿ ಮೇಲಿರುವುದು ಚಿತ್ರಕ್ಕೂ ಸಂಗೀತ ನಿರ್ದೇಶಕರಿಗೂ ಲಾಭದ ವಿಷಯವಾಗಿದ್ದರಿಂದ ಕಾಗದಗಳ ಕಂತೆಗಳನ್ನೇ ಒಂದೇ ಕೈಯಿಂದ ಬರೆಸಿ ಕಳಿಸುವ ಪ್ರಯತ್ನಗಳೂ ನಡೆದವು. ಅದಕ್ಕೆ ಕಂಡುಕೊಂಡ ಉಪಾಯ ಶ್ರೋತಾ ಸಂಘಗಳು. ಊರೂರಲ್ಲಿ ಕೇಳುಗರು ಸೇರಿ ಸಂಘ ಕಟ್ಟಿಕೊಳ್ಳಬೇಕು, ಕೂತು ಚರ್ಚಿಸಿ, ತಮ್ಮ ಪಟ್ಟಿಯನ್ನು ಒಮ್ಮತದಿಂದ ಕಳಿಸಬೇಕು. ಒಬ್ಬರ ಹುನ್ನಾರಕ್ಕೆ ಜಗ್ಗದ ಲೆಕ್ಕ ಅದು. ಜನಾಭಿಪ್ರಾಯ ಅಳೆಯುವ ಸಂಸ್ಥೆಗಳು ಈ ದೇಶದಲ್ಲಿ ಇನ್ನೂ ಎಳೆಯವಾಗಿದ್ದ ಕಾಲದಲ್ಲಿ, ಸಿನಿಮಾ ಹಾಡಿನ ನೆಪದಲ್ಲಿ ಇಷ್ಟೆಲ್ಲ ಪ್ರಯೋಗ ನಡೆಯಿತೆಂಬುದು ನನಗೆ ಬಹು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಅವರ ದನಿ. ಶಾರ್ಟ್‌ವೇವ್‌ನಲ್ಲಿ ಸದ್ದು ಒಂದೇ ಸಮ ಬರುವುದಿಲ್ಲ. ಅಯಾನುಗೋಳ ಕದಲಿದಂತೆ ದನಿ ಉಬ್ಬುತ್ತದೆ, ಕುಗ್ಗುತ್ತದೆ, ಕರಕರ ಸದ್ದಿನೊಳಗೆ ಮುಳುಗಿ ಏಳುತ್ತದೆ. ಗಂಭೀರವಾಗಿ, ಒಂದೇ ಮಟ್ಟದಲ್ಲಿ, ಉದ್ದುದ್ದ ವಾಕ್ಯಗಳಲ್ಲಿ ಓದುವವರ ಮಾತು ಅಲ್ಲಿ ಅರ್ಧಕ್ಕರ್ಧ ಕಳೆದುಹೋಗುತ್ತದೆ. ಅಮೀನ್ ಅವರ ಮಾತಿನ ಧಾಟಿಯನ್ನು ನೆನಪಿಸಿಕೊಳ್ಳಿ. ಚಿಕ್ಕ ಚಿಕ್ಕ ವಾಕ್ಯ, ಪದಪದಕ್ಕೂ ಬಿಡುವು, ಏರಿಳಿತ, ಮುಖ್ಯವಾದ ಹೆಸರನ್ನು ಮತ್ತೆ ಹೇಳುವ ರೂಢಿ, ನಗು ಬೆರೆತ ಸ್ವಾಗತ. ನಡುವೆ ಒಂದು ತುಣುಕು ಗಾಳಿಗೆ ಹೋದರೂ ಉಳಿದದ್ದು ಅರ್ಥವಾಗುತ್ತದೆ. ಮೆಲ್ಲಗೆ ಮಾತಾಡು ಎಂದು ಓವಲ್ಟೀನ್ ದಿನಗಳಲ್ಲಿ ಸಿಕ್ಕ ಪಾಠ, ರಹಬರ್‌ನ ಸರಳ ಪದಗಳು, ಕಾಗದಗಳಲ್ಲಿ ಕಂಡ ಜನರ ಮಾತಿನ ರೀತಿ, ಈ ಮೂರೂ ಆ ಧಾಟಿಯಲ್ಲಿವೆ. 'ಬೆಹನೋ ಔರ್ ಭಾಯಿಯೋ' ಎಂದು ಹೆಂಗಸರನ್ನು ಮೊದಲು ಕರೆಯುತ್ತಿದ್ದುದೂ ಸುಮ್ಮನೆ ಬಾಯಿಗೆ ಬಂದದ್ದೆಂದು ನನಗೆ ಅನ್ನಿಸುವುದಿಲ್ಲ. ಪಕ್ಷಕ್ಕೊಮ್ಮೆ ಅಕ್ಷರ ಕಲಿಸುವ ಪತ್ರಿಕೆ ತರುತ್ತಿದ್ದ ತಾಯಿಯ ಮನೆಯಲ್ಲಿ ಬೆಳೆದವರು ಅವರು.

ಕನ್ನಡದ ಕೇಳುಗರಿಗೆ ರೇಡಿಯೋ ಹೊಸದಾಗಿರಲಿಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಧಾರವಾಡ ಕೇಂದ್ರ 1950ರಲ್ಲಿ ಶುರುವಾಗಿತ್ತು. ಗೀತ್‌ಮಾಲಾ ಆರಂಭವಾದಾಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ಬೊಂಬಾಯಿ ರಾಜ್ಯದಲ್ಲೇ ಇದ್ದವು. ಅಲ್ಲಿಯವರ ವ್ಯಾಪಾರ, ಓದು, ಸಿನಿಮಾ ಎಲ್ಲದರ ನಂಟೂ ಬೊಂಬಾಯಿಯ ಜೊತೆ. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದು ಉರ್ದು ಕಿವಿಗೆ ಬಿದ್ದು ಬೆಳೆದ ಊರುಗಳು. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟೇ ಬರುತ್ತಿದ್ದ ಕಾಲವದು. ರಾಜ್‌ಕುಮಾರ್ ಅವರ 'ಬೇಡರ ಕಣ್ಣಪ್ಪ' ಬಂದದ್ದೇ 1954ರಲ್ಲಿ. ಹಿಂದಿ ವ್ಯಾಕರಣ ಬಾರದವರಿಗೂ ಅಮೀನ್ ಸಯಾನಿ ಹೇಳಿದ್ದು ಅರ್ಥವಾಗುತ್ತಿತ್ತು. ಅಂಚೆ ಕಚೇರಿಗೆ ಲೈಸೆನ್ಸ್ ಹಣ ಕಟ್ಟಿ ರೇಡಿಯೋ ಇಟ್ಟುಕೊಳ್ಳಬೇಕಿದ್ದ ದಿನಗಳಲ್ಲಿ ಬೀದಿಗೊಂದು ರೇಡಿಯೋ ಇದ್ದರೆ ಹೆಚ್ಚು. ಬುಧವಾರ ರಾತ್ರಿ ಹೋಟೆಲಿನ ಮುಂದೆ, ರೇಡಿಯೋ ಇದ್ದ ಮನೆಯ ಜಗಲಿಯ ಮೇಲೆ ಜನ ಸೇರುತ್ತಿದ್ದರು.

ಕೇಳುಗರು ಬರೆದ ಕಾಗದಗಳಿಂದಲೇ ಒಂದು ಊರು ದೇಶಕ್ಕೆಲ್ಲ ಪರಿಚಯವಾಯಿತು. ಅಂದಿನ ಬಿಹಾರದ, ಇಂದಿನ ಜಾರ್ಖಂಡಿನ ಝುಮ್ರಿ ತಿಲಯ್ಯಾ. ಅಭ್ರಕದ ಗಣಿಗಳ ಪುಟ್ಟ ಪಟ್ಟಣ ಅದು. ಅಲ್ಲಿನವರು ಹಾಡು ಕೋರಿ ಕಾಗದ ಬರೆಯುವುದರಲ್ಲಿ ಪರಸ್ಪರ ಪೈಪೋಟಿ ನಡೆಸಿದರು. ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳಿ, ಅಂಥ ಊರು ನಿಜಕ್ಕೂ ಇದೆಯೇ ಎಂದು ಅನುಮಾನ ಪಟ್ಟವರೂ ಉಂಟು. ಯಾರೂ ಕೇಳಿರದ ಊರಿನವನೊಬ್ಬ ತನ್ನ ಹೆಸರು ಆಕಾಶದಿಂದ ಬರುವುದನ್ನು ಕೇಳುವುದೆಂದರೆ ಆ ಕಾಲಕ್ಕೆ ಸಣ್ಣ ವಿಷಯವಲ್ಲ. ಸರ್ಕಾರಿ ರೇಡಿಯೋದಲ್ಲಿ ಆಗ ಹೆಸರು ಬರುತ್ತಿದ್ದುದು ಮಂತ್ರಿಗಳದು, ವಿದ್ವಾಂಸರದು. ಕಾಗದ ಬರೆದ ಸಾಮಾನ್ಯನ ಹೆಸರಿಗೂ ಅಲ್ಲಿ ಜಾಗವಿದೆ ಎಂದು ತೋರಿಸಿದ್ದು ಸಿಲೋನ್.

ದೆಹಲಿಯ ಸರ್ಕಾರವೂ ಸಿಲೋನಿನ ಈ ಜನಪ್ರಿಯತೆಗೆ ಮಣಿಯಬೇಕಾಯಿತು. 1957ರ ಅಕ್ಟೋಬರ್ 3ರಂದು ಆಕಾಶವಾಣಿ ಚಿತ್ರಗೀತೆಗಳಿಗೂ ಜಾಗವಿದ್ದ ವಿವಿಧ ಭಾರತಿಯನ್ನು ಆರಂಭಿಸಿತು; ಸಚಿವರು ಆಗಲೂ ಕೇಸ್ಕರ್ ಅವರೇ. ಕೇಳುಗರ ಹೆಸರು ಓದಿ ಹಾಡು ಹಾಕುವ ಕೋರಿಕೆ ಕಾರ್ಯಕ್ರಮಗಳು ಕ್ರಮೇಣ ಎಲ್ಲ ಭಾಷೆಗಳಲ್ಲೂ, ಕನ್ನಡದಲ್ಲೂ ನೆಲೆಯೂರಿದವು. ಉಚ್ಚಾರಣೆ ಸರಿಯಿಲ್ಲವೆಂದು ಆಕಾಶವಾಣಿ ಒಮ್ಮೆ ವಾಪಸು ಕಳಿಸಿದ್ದವರ ಗೀತ್‌ಮಾಲಾ 1989ರಲ್ಲಿ ಅದೇ ಆಕಾಶವಾಣಿಯ ವಿವಿಧ ಭಾರತಿಗೆ ಬಂದು, 1994ರವರೆಗೆ ನಡೆಯಿತು. 2009ರಲ್ಲಿ ಅಮೀನ್ ಸಯಾನಿಯವರಿಗೆ ಪದ್ಮಶ್ರೀ ಬಂತು. 2024ರ ಫೆಬ್ರವರಿ 20ರಂದು, 91ನೇ ವಯಸ್ಸಿನಲ್ಲಿ, ಅವರು ಮುಂಬೈಯಲ್ಲಿ ತೀರಿಕೊಂಡರು.

ಅವರ ದನಿ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಆ ಕಾರ್ಯಕ್ರಮಕ್ಕೆ ರೂಪ ಕೊಟ್ಟ ಇನ್ನೊಂದು ಕಡೆಯವರ, ಅಂದರೆ ಕೇಳುಗರ ದಾಖಲೆ ಮಾತ್ರ ಚದುರಿಹೋಗಿದೆ. ಬುಧವಾರ ರಾತ್ರಿ ಪೆನ್ಸಿಲ್ ಹಿಡಿದು ಕೂತು, ವಾರವಾರದ ಹಾಡುಗಳ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದರು. ಶ್ರೋತಾ ಸಂಘದ ಸದಸ್ಯರಾಗಿದ್ದವರು, ಸಿಲೋನಿನಿಂದ ಬಂದ ಉತ್ತರವನ್ನು ಜೋಪಾನ ಮಾಡಿದವರು ಕನ್ನಡದ ಮನೆಗಳಲ್ಲೂ ಇದ್ದಿರಬೇಕು. ನಿಮ್ಮ ಅಜ್ಜನ ಟ್ರಂಕಿನಲ್ಲೋ ದೊಡ್ಡಪ್ಪನ ಕಪಾಟಿನಲ್ಲೋ ಅಂಥ ನೋಟ್‌ಬುಕ್, ಕಾರ್ಡು, ಪಟ್ಟಿ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು, ಬರೆದವರ ಹೆಸರು, ಊರು, ವರ್ಷವನ್ನು ಮೊದಲ ಹಾಳೆಯಲ್ಲಿ ಗುರುತು ಹಾಕಿ.